ಕಲ್ಚರ್ ರಿಪೋರ್ಟ್‌ಗೆ ಮೂರು ದಿನ ಯಾಕೆ ಬೇಕು?

ಲ್ಯಾಬ್ ಕೌಂಟರ್‌ನಲ್ಲಿ ಜನ ಸಿಟ್ಟಾಗುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. "ಶುಗರ್ ರಿಪೋರ್ಟ್ ಒಂದು ಗಂಟೆಯಲ್ಲಿ ಕೊಡ್ತೀರ, ಥೈರಾಯ್ಡ್ ಸಂಜೆಗೆ ಬರುತ್ತೆ. ಯೂರಿನ್ ಕಲ್ಚರ್‌ಗೆ ಮಾತ್ರ ಮೂರು ದಿನ ಯಾಕ್ರೀ?" ಕೇಳುವುದರಲ್ಲಿ ತಪ್ಪೇನಿಲ್ಲ. ಉರಿಮೂತ್ರ, ಚಳಿಜ್ವರ ಇಟ್ಟುಕೊಂಡು ಕಾಯುವುದು ಸುಲಭವಲ್ಲ. ನಾನು ಮೈಕ್ರೊಬಯಾಲಜಿಸ್ಟ್. ಆ ಮೂರು ದಿನ ನಮ್ಮ ಬೆಂಚಿನ ಮೇಲೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಶುಗರ್ ರಕ್ತದಲ್ಲಿ ಇದ್ದೇ ಇರುತ್ತದೆ. ಮೆಷೀನ್ ಅಳೆದು ಸಂಖ್ಯೆ ಕೊಡುತ್ತದೆ. ಬ್ಯಾಕ್ಟೀರಿಯಾ ಹಾಗಲ್ಲ. ಮೊದಲು ಅಗರ್ ಅನ್ನುವ ಆಹಾರದ ಜೆಲ್ಲಿ ಹಾಕಿದ ಪ್ಲೇಟಿನ ಮೇಲೆ ಬೆಳೆಸಬೇಕು, ಆಮೇಲೆ ಯಾವುದು ಅಂತ ಗುರುತಿಸಬೇಕು, ಆಮೇಲೆ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ನೋಡಬೇಕು. ಬೆಳೆಯುವುದಕ್ಕೆ ಒಂದು ರಾತ್ರಿ, ಔಷಧದ ಪರೀಕ್ಷೆಗೆ ಇನ್ನೊಂದು ರಾತ್ರಿ ಬೇಕೇ ಬೇಕು.

ಬೇಗ ಮುಗಿಯುವುದು ಮೊದಲ ಹೆಜ್ಜೆ ಮಾತ್ರ, ಗ್ರಾಂ ಸ್ಟೇನ್. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬರ್ಲಿನ್‌ನಲ್ಲಿದ್ದಾಗ 1884ರಲ್ಲಿ ಪ್ರಕಟಿಸಿದ ವಿಧಾನ. ಇವತ್ತಿಗೂ ದಿನ ಶುರುವಾಗುವುದು ಅದರಿಂದಲೇ. ಸ್ಲೈಡ್ ಮೇಲೆ ಕೀವನ್ನು ತೆಳ್ಳಗೆ ಸವರಿ ಒಣಗಿಸುತ್ತೇವೆ. ನೇರಳೆ ಬಣ್ಣ ಹಾಕಿ, ಅದರ ಮೇಲೆ ಅಯೊಡಿನ್. ಆಮೇಲೆ ಆಲ್ಕೋಹಾಲ್ ಅಥವಾ ಅಸಿಟೋನ್‌ನಿಂದ ತೊಳೆದು, ಕೊನೆಗೆ ಸ್ಯಾಫ್ರನಿನ್ ಅನ್ನುವ ಕೆಂಪು ಬಣ್ಣ. ಗೋಡೆ ದಪ್ಪ ಇರುವ ಬ್ಯಾಕ್ಟೀರಿಯಾ ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ಅವು ಗ್ರಾಂ ಪಾಸಿಟಿವ್. ತೆಳು ಗೋಡೆಯವು ತೊಳೆದಾಗ ನೇರಳೆ ಕಳೆದುಕೊಂಡು ಗುಲಾಬಿಯಾಗಿ ಕಾಣುತ್ತವೆ. ಅವು ಗ್ರಾಂ ನೆಗೆಟಿವ್. ಇಡೀ ಆಟ ಇರುವುದು ತೊಳೆಯುವ ಆ ಕೆಲವು ಸೆಕೆಂಡುಗಳಲ್ಲಿ. ಸ್ವಲ್ಪ ಜಾಸ್ತಿ ತೊಳೆದರೆ ನೇರಳೆಯದ್ದೂ ಗುಲಾಬಿಯಾಗುತ್ತದೆ. ರೋಗಿ ಆಗಲೇ ಆಂಟಿಬಯಾಟಿಕ್ ನುಂಗಿದ್ದರೂ ಹಾಗೇ ಆಗಬಹುದು, ಯಾಕೆಂದರೆ ಔಷಧ ಅದರ ಗೋಡೆಯನ್ನೇ ಹಾಳು ಮಾಡಿರುತ್ತದೆ.

ಬಣ್ಣದ ಜೊತೆ ಆಕಾರವನ್ನೂ ನೋಡುತ್ತೇವೆ. ದುಂಡಗಿದೆಯಾ, ಕಡ್ಡಿಯಂತಿದೆಯಾ, ಗೊಂಚಲಾಗಿದೆಯಾ, ಸರವಾಗಿದೆಯಾ. ಇಷ್ಟು ಗೊತ್ತಾದರೆ ಅರ್ಧ ಗಂಟೆಯೊಳಗೆ ವಾರ್ಡಿಗೆ ಫೋನ್ ಮಾಡಬಹುದು. ಮೆದುಳು ಜ್ವರದ ರೋಗಿಯ ಬೆನ್ನುಹುರಿ ನೀರಿನಲ್ಲಿ ಜೋಡಿ ಜೋಡಿಯಾಗಿ ನೇರಳೆ ದುಂಡಿಗಳು ಕಂಡರೆ ನಾಳೆ ಬೆಳಗಿನ ಪ್ಲೇಟಿಗಾಗಿ ಯಾರೂ ಕಾಯುವುದಿಲ್ಲ.

ಈ ಬಣ್ಣಕ್ಕೆ ಸಿಗದವೂ ಇವೆ. ಮೈಕೊಪ್ಲಾಸ್ಮಾಗೆ ಗೋಡೆಯೇ ಇಲ್ಲ. ಟಿಬಿ ಬ್ಯಾಕ್ಟೀರಿಯಾದ ಗೋಡೆ ಮೇಣದಂಥ ಕೊಬ್ಬಿನಿಂದ ತುಂಬಿರುವುದರಿಂದ ಗ್ರಾಂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಕೆಂಪು ಬಣ್ಣ ಹಾಕಿ ಕೆಳಗಿನಿಂದ ಬಿಸಿ ಕೊಡಬೇಕು. ಒಂದು ಸಲ ಹಿಡಿದ ಮೇಲೆ ಸಲ್ಫ್ಯೂರಿಕ್ ಆ್ಯಸಿಡ್ ಹಾಕಿದರೂ ಬಿಡುವುದಿಲ್ಲ. ಬೆಳೆಯುವುದಂತೂ ವಾರಗಟ್ಟಲೆ. ಕುಷ್ಠದ ಬ್ಯಾಕ್ಟೀರಿಯಾವನ್ನು ಇವತ್ತಿಗೂ ಪ್ಲೇಟಿನ ಮೇಲೆ ಬೆಳೆಸುವುದಕ್ಕೆ ಆಗಿಲ್ಲ.

ಎರಡನೇ ದಿನ ಬೆಳಿಗ್ಗೆ, ಪ್ಲೇಟುಗಳನ್ನು ರಾತ್ರಿಯಿಡೀ ಬೆಚ್ಚಗೆ ಇಟ್ಟ ಇನ್‌ಕ್ಯುಬೇಟರ್ ಬಾಗಿಲು ತೆಗೆಯುವುದು ನನಗೆ ಇವತ್ತಿಗೂ ಇಷ್ಟದ ಕೆಲಸ. ಮೆಕಾಂಕಿ ಅಗರ್ ಅನ್ನುವ ಪ್ಲೇಟಿನಲ್ಲಿ ಲ್ಯಾಕ್ಟೋಸ್ ಸಕ್ಕರೆ ಇರುತ್ತದೆ. ಅದನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾದ ಕಾಲೊನಿಗಳು, ಅಂದರೆ ಕಣ್ಣಿಗೆ ಕಾಣುವಷ್ಟು ಬೆಳೆದ ಗುಂಪುಗಳು, ಗುಲಾಬಿಯಾಗುತ್ತವೆ. ಇ. ಕೋಲೈ ಗುಲಾಬಿ, ಚಪ್ಪಟೆ. ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿಯೇ, ಆದರೆ ದಪ್ಪ, ಲೋಳೆ. ಕೆಲವು ತಳಿಗಳಿಗೆ ಲೂಪ್ ಅನ್ನುವ ತಂತಿಯ ಕುಣಿಕೆ ಮುಟ್ಟಿಸಿ ಎತ್ತಿದರೆ ಎಳೆಪಾಕದ ಹಾಗೆ ಎಳೆ ಬರುತ್ತದೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾಗೆ ಲ್ಯಾಕ್ಟೋಸ್ ಬೇಡ, ಅದು ಬಣ್ಣವಿಲ್ಲದೆ ಉಳಿಯುತ್ತದೆ. ಪ್ರೋಟಿಯಸ್ ರಕ್ತ ಬೆರೆಸಿದ ಬ್ಲಡ್ ಅಗರ್ ಮೇಲೆ ಒಂದು ಜಾಗದಲ್ಲಿ ನಿಲ್ಲುವುದೇ ಇಲ್ಲ, ರಾತ್ರಿ ಕಳೆಯುವಷ್ಟರಲ್ಲಿ ಇಡೀ ಪ್ಲೇಟ್ ಆಕ್ರಮಿಸಿ ಬೇರೆಯವುಗಳನ್ನು ಮುಚ್ಚಿಹಾಕುತ್ತದೆ. ಸ್ಯೂಡೊಮೊನಾಸ್ ಪ್ಲೇಟಿಗೆ ಹಸಿರು ಬಣ್ಣ ಬಿಡುತ್ತದೆ, ಮುಚ್ಚಳ ತೆಗೆದರೆ ದ್ರಾಕ್ಷಿಯಂಥ ವಾಸನೆ. ಹಳಬರು ಪ್ಲೇಟ್ ಮೂಸಿಯೇ ಹೆಸರು ಹೇಳುತ್ತಿದ್ದರು. ಈಗ ಆ ಅಭ್ಯಾಸ ಬೇಡ ಅಂತ ಹುಡುಗರಿಗೆ ಹೇಳುತ್ತೇವೆ. ಕಾರಣ ಕೊನೆಯಲ್ಲಿ ಬರುತ್ತದೆ.

ಆಮೇಲಿನವು ಚಿಕ್ಕ ಚಿಕ್ಕ ಪರೀಕ್ಷೆಗಳು. ನೇರಳೆ ದುಂಡಿಗಳಾದರೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್. ಬುಸುಬುಸು ಗುಳ್ಳೆ ಎದ್ದರೆ ಸ್ಟ್ಯಾಫಿಲೊಕಾಕಸ್ ಗುಂಪು, ಸುಮ್ನೆ ಇದ್ದರೆ ಸ್ಟ್ರೆಪ್ಟೊಕಾಕಸ್ ಗುಂಪು. ಬ್ಲಡ್ ಅಗರ್‌ನಿಂದ ಕಾಲೊನಿ ಎತ್ತುವಾಗ ಕೆಳಗಿನ ರಕ್ತ ತಾಗಬಾರದು. ಕೆಂಪು ರಕ್ತಕಣಗಳೇ ಗುಳ್ಳೆ ಎಬ್ಬಿಸಿ ದಾರಿ ತಪ್ಪಿಸುತ್ತವೆ. ಗ್ರಾಂ ನೆಗೆಟಿವ್ ಕಡ್ಡಿಗಳಾದರೆ ಕಾಲೊನಿಯನ್ನು ಆಕ್ಸಿಡೇಸ್ ಪರೀಕ್ಷೆಯ ಕಾಗದದ ಮೇಲೆ ಉಜ್ಜುತ್ತೇವೆ. ಹತ್ತು ಸೆಕೆಂಡಿನಲ್ಲಿ ನೇರಳೆಯಾದರೆ ಸ್ಯೂಡೊಮೊನಾಸ್ ಅಥವಾ ಕಾಲರಾದ ವಿಬ್ರಿಯೊ ಕಡೆ ಯೋಚಿಸಬೇಕು. ಇ. ಕೋಲೈ ಬಳಗಕ್ಕೆ ಬಣ್ಣ ಬರುವುದಿಲ್ಲ.

ಇಷ್ಟೆಲ್ಲಾ ಮಾಡಿ ಹೆಸರು ಹುಡುಕುವುದು ಯಾಕೆ? ಯಾವ ಮಾತ್ರೆ ಕೆಲಸ ಮಾಡುತ್ತದೆ ಅಂತ ಹೇಳಿದರೆ ಸಾಕಲ್ವಾ? ಯುವ ಡಾಕ್ಟರುಗಳೂ ಹೀಗೆ ಕೇಳುತ್ತಾರೆ. ಸಾಕಾಗುವುದಿಲ್ಲ. ಔಷಧದ ಬಿಲ್ಲೆ ಇಟ್ಟ ಪ್ಲೇಟಿನಲ್ಲಿ ಬಿಲ್ಲೆಯ ಸುತ್ತ ಬೆಳೆಯದೆ ಉಳಿದ ವೃತ್ತವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತೇವೆ. ಅದೇ ಅಳತೆ ಒಂದು ಬ್ಯಾಕ್ಟೀರಿಯಾಗೆ 'ಔಷಧ ನಡೆಯುತ್ತದೆ' ಅಂತಲೂ ಇನ್ನೊಂದಕ್ಕೆ 'ನಡೆಯುವುದಿಲ್ಲ' ಅಂತಲೂ ಆಗಬಹುದು. ಹೆಸರು ಗೊತ್ತಿಲ್ಲದೆ ಆ ಅಂಕಿಗೆ ಅರ್ಥವೇ ಇಲ್ಲ.

ಹೆಸರೇ ಅರ್ಧ ಚಿಕಿತ್ಸೆ ಹೇಳುವುದೂ ಉಂಟು. ಉರಿಮೂತ್ರಕ್ಕೆ ನೈಟ್ರೊಫ್ಯುರಾಂಟೊಯಿನ್ ತುಂಬಾ ಬರೆಯುತ್ತಾರೆ, ಒಳ್ಳೆಯ ಔಷಧವೇ. ಆದರೆ ಪ್ರೋಟಿಯಸ್‌ಗೆ ಅದು ಹುಟ್ಟಿನಿಂದಲೇ ನಾಟುವುದಿಲ್ಲ. ಮೇಲಾಗಿ ಪ್ರೋಟಿಯಸ್ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ಮೂತ್ರವನ್ನು ಕ್ಷಾರವಾಗಿಸುತ್ತದೆ. ಆಗ ಮೂತ್ರಕೋಶದ ದಾರಿಯಲ್ಲಿ ಕಲ್ಲು ಕಟ್ಟುತ್ತದೆ. ಮತ್ತೆ ಮತ್ತೆ ಪ್ರೋಟಿಯಸ್ ಬರುತ್ತಿದ್ದರೆ ಮಾತ್ರೆ ಬದಲಿಸುತ್ತಾ ಕೂರುವುದು ದಂಡ, ಸ್ಕ್ಯಾನ್ ಮಾಡಿಸಬೇಕು.

ಈ ವರ್ಗೀಕರಣ ಪೂರ್ತಿ ವಿಜ್ಞಾನದ ಲೆಕ್ಕದಲ್ಲೇ ನಡೆದಿದೆ ಅಂತಲೂ ಅಲ್ಲ. ಜೀನ್ ನೋಡಿದರೆ ರಕ್ತಭೇದಿ ತರುವ ಶಿಗೆಲ್ಲಾ ಮತ್ತು ಇ. ಕೋಲೈ ಒಂದೇ ಜಾತಿ. ಆದರೂ ಹೆಸರು ಬೇರೆಯಾಗಿಯೇ ಉಳಿದಿದೆ, ಯಾಕೆಂದರೆ ರೋಗಿಯ ಹಾಸಿಗೆಯ ಪಕ್ಕ ನಿಂತವರಿಗೆ ಆ ವ್ಯತ್ಯಾಸ ಬೇಕು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಈಗ ದೊಡ್ಡ ಲ್ಯಾಬ್‌ಗಳಲ್ಲಿ ಮಾಲ್ಡಿ-ಟಾಫ್ ಮೆಷೀನ್ ಇದೆ. ಒಂದು ಕಾಲೊನಿ ಕೊಟ್ಟರೆ ಅದರ ಪ್ರೋಟೀನ್‌ಗಳ ತೂಕ ನೋಡಿ ನಿಮಿಷಗಳಲ್ಲಿ ಹೆಸರು ಹೇಳುತ್ತದೆ. ಅದೂ ಈ ಎರಡರ ಮುಂದೆ ತಡವರಿಸುತ್ತದೆ. ಮತ್ತೆ ಕಾಲೊನಿ ಬೆಳೆಯಲು ಬೇಕಾದ ರಾತ್ರಿಯನ್ನು ಅದು ಉಳಿಸುವುದಿಲ್ಲ.

ಬೆಂಗಳೂರಿನಲ್ಲಿ ನಮಗೆ ಇನ್ನೊಂದು ತಲೆನೋವು, ಟ್ರಾಫಿಕ್. ಯೂರಿನ್ ಸ್ಯಾಂಪಲ್ ಎರಡು ಗಂಟೆಯೊಳಗೆ ಪ್ಲೇಟ್ ಸೇರಬೇಕು, ಇಲ್ಲವೇ ಫ್ರಿಜ್‌ನಲ್ಲಿರಬೇಕು. ಇ. ಕೋಲೈಗೆ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ವೈಟ್‌ಫೀಲ್ಡ್‌ನಲ್ಲಿ ಎಂಟು ಗಂಟೆಗೆ ಹಿಡಿದ ಮೂತ್ರ ಬೈಕಿನ ಬ್ಯಾಗಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಜಯನಗರ ತಲುಪುವಷ್ಟರಲ್ಲಿ ಒಳಗಿನ ಲೆಕ್ಕ ಎಲ್ಲೋ ಹೋಗಿರುತ್ತದೆ. ಚರ್ಮದಿಂದ ಬಿದ್ದ ನಾಲ್ಕು ಬ್ಯಾಕ್ಟೀರಿಯಾ ಬೆಳೆದು, ಸೋಂಕು ಅಂತ ಲೆಕ್ಕಕ್ಕೆ ಹಿಡಿಯುವ 1 ಮಿಲಿಲೀಟರ್‌ಗೆ 1 ಲಕ್ಷದ ಗಡಿ ಮುಟ್ಟಿದರೆ ಇಲ್ಲದ ಸೋಂಕಿಗೆ ಔಷಧ ನುಂಗಬೇಕಾಗುತ್ತದೆ. ಐಸ್ ಪ್ಯಾಕ್ ಇದೆಯಾ ಅಂತ ಸ್ಯಾಂಪಲ್ ಒಯ್ಯುವ ಹುಡುಗನನ್ನು ಕೇಳಿ, ಸಂಕೋಚ ಬೇಡ. ಆಂಟಿಬಯಾಟಿಕ್ ಶುರುವಾಗುವ ಮೊದಲೇ ಸ್ಯಾಂಪಲ್ ಕೊಡಿ. ಜ್ವರ ಬಂದ ಎರಡನೇ ದಿನವೇ ವಿಡಾಲ್ ಅನ್ನುವ ರಕ್ತಪರೀಕ್ಷೆ ಮಾಡಿಸಿ ಟೈಫಾಯ್ಡ್ ಅನ್ನುವುದನ್ನೂ ಬಿಡಬೇಕು. ಮೊದಲ ವಾರದಲ್ಲಿ ಬೇಕಾದದ್ದು ಬ್ಲಡ್ ಕಲ್ಚರ್.

ಇನ್ನು ಡಾಕ್ಟರುಗಳಿಗೆ ನನ್ನದೊಂದು ತಕರಾರು. ಸ್ಯಾಂಪಲ್ ಜೊತೆ ಬರುವ ಫಾರಂನಲ್ಲಿ 'ಕೀವು' ಅಂತ ಒಂದೇ ಪದ ಬರೆದಿರುತ್ತಾರೆ. ಅಂಥದ್ದೊಂದು ಪ್ಲೇಟಿನಲ್ಲಿ ಗ್ರಾಂ ನೆಗೆಟಿವ್ ಕಡ್ಡಿ ಬೆಳೆದಿತ್ತು, ಆಕ್ಸಿಡೇಸ್ ಪಾಸಿಟಿವ್. ಸ್ಯೂಡೊಮೊನಾಸ್ ಅಂತ ಬರೆದು ಮುಗಿಸಬಹುದಿತ್ತು. ಆದರೆ ಸ್ಲೈಡಿನಲ್ಲಿ ಕಡ್ಡಿಗಳ ಎರಡೂ ತುದಿ ಗಾಢವಾಗಿ, ನಡುವೆ ಖಾಲಿಯಾಗಿ ಕಾಣುತ್ತಿತ್ತು. ಔಷಧದ ಪ್ಲೇಟಿನಲ್ಲಿ ಜೆಂಟಾಮೈಸಿನ್ ಮತ್ತು ಪಾಲಿಮಿಕ್ಸಿನ್ ಎರಡೂ ನಾಟಿರಲಿಲ್ಲ, ಸ್ಯೂಡೊಮೊನಾಸ್‌ಗೆ ಎಂದೂ ನಾಟದ ಅಮಾಕ್ಸಿಕ್ಲಾವ್ ಮಾತ್ರ ನಾಟಿತ್ತು. ವಾರ್ಡಿಗೆ ಫೋನ್ ಮಾಡಿದೆ.

"ಪೇಶೆಂಟ್ ಊರು ಯಾವುದು?"

"ಕುಂದಾಪುರದ ಹತ್ತಿರ ಸರ್. ಮಗನ ಮನೆಗೆ ಬಂದಿದ್ದಾರೆ. ಗದ್ದೆ ಇದೆಯಂತೆ."

"ಶುಗರ್?"

"ಇದೆ ಸರ್, ಕಂಟ್ರೋಲ್‌ನಲ್ಲಿ ಇಲ್ಲ."

ಕರಾವಳಿ, ಮಳೆಗಾಲದ ಗದ್ದೆಯ ಮಣ್ಣು, ಸಕ್ಕರೆ ಕಾಯಿಲೆ. ಮಣ್ಣು-ನೀರಿನಿಂದ ಹತ್ತುವ ಮೆಲಿಯಾಯ್ಡೋಸಿಸ್ ಅನ್ನುವ ಸೋಂಕು ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲ್ಲೈ ಇರಬೇಕು ಅಂತ ಅಲ್ಲೇ ಅನುಮಾನ ಬಂತು. ಉಸಿರಿನ ಮೂಲಕವೂ ಹತ್ತುವ ಬ್ಯಾಕ್ಟೀರಿಯಾ ಇದು. ಮೂಸಬೇಡಿ ಅನ್ನುವುದು ಇದಕ್ಕೇ. ಪ್ಲೇಟನ್ನು ಸೇಫ್ಟಿ ಕ್ಯಾಬಿನೆಟ್ ಒಳಗೆ ಸಾಗಿಸಿ ಇನ್ನೂ ಎರಡು ದಿನ ಇಟ್ಟಾಗ ಕಾಲೊನಿಗಳು ಒಣಗಿ ಸುಕ್ಕುಸುಕ್ಕಾದವು. ಮುಂದಿನ ಪರೀಕ್ಷೆಯಲ್ಲಿ ಅದೇ ಹೆಸರು ಖಚಿತವಾಯಿತು. ಮಾಮೂಲಿ ಕೀವಿಗೆ ಕೊಡುವ ಹಾಗೆ ವಾರದ ಮಾತ್ರೆ ಇದಕ್ಕೆ ಸಾಲದು. ಎರಡು ವಾರ ಇಂಜೆಕ್ಷನ್, ಆಮೇಲೆ ಕಡಿಮೆ ಅಂದರೂ ಮೂರು ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಅವತ್ತು ಸಂಜೆಯೇ ವಾರ್ಡಿನಲ್ಲಿ ಔಷಧ ಬದಲಾಯಿತು.