ಒಲೆ ಆರಿದೆ, ಮೀಟರ್ ಓಡುತ್ತಿದೆ

ಹಳೇ ಗ್ಯಾಸ್ ಮೀಟರ್ ಬಿಚ್ಚಿ ಹೊಸದನ್ನು ಕೂರಿಸಿ ಹೋದ ಮೇಲೆ ಬಂದ ಮೊದಲ ಬಿಲ್ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಹಿಂದಿನದರ ಎರಡೂವರೆ ಪಟ್ಟು! ಮನೆಯಲ್ಲಿ ಜನ ಅಷ್ಟೇ. ಒಲೆ ಅದೇ, ಗೀಸರ್ ಅದೇ. ಬದಲಾಗಿದ್ದು ಮೀಟರ್ ಒಂದೇ. ಇನ್ನು ಕಳ್ಳ ಯಾರು ಅಂತ ಬೇರೆ ಹೇಳಬೇಕಾ? ‘ಹೊಸ ಮೀಟರ್ ಜೋರಾಗಿ ಓಡುತ್ತೆ’ ಅಂತ ಮನೆಮಂದಿಯೆಲ್ಲ ತೀರ್ಪು ಕೊಟ್ಟುಬಿಟ್ಟರು. ನಾನೂ ತಲೆಯಾಡಿಸಿದೆ. ಆಮೇಲೆ ಮೀಟರ್‌ನ ಹೊಟ್ಟೆಯಲ್ಲಿ ಏನಿದೆ ಅಂತ ಓದುತ್ತಾ ಹೋದ ಹಾಗೆ ಆ ತೀರ್ಪು ಸಡಿಲವಾಗತೊಡಗಿತು.

ಮನೆಯ ಸಾಮಾನ್ಯ ಗ್ಯಾಸ್ ಮೀಟರ್ ಒಳಗಿರುವುದು ಹೆಚ್ಚುಕಮ್ಮಿ ಕಮ್ಮಾರನ ತಿದಿ. ಒಂದಲ್ಲ, ಎರಡು. ಪೈಪಿನಿಂದ ಬಂದ ಗ್ಯಾಸ್ ಒಂದು ತಿದಿಯನ್ನು ಉಬ್ಬಿಸುತ್ತದೆ. ಆ ಹೊತ್ತಿಗೆ ಅದರ ಇನ್ನೊಂದು ಬದಿಯಲ್ಲಿದ್ದ ಗ್ಯಾಸ್ ಒಲೆಯ ಕಡೆ ಹೋಗುತ್ತದೆ. ಪೂರ್ತಿ ಉಬ್ಬಿದ ಮೇಲೆ ಪುಟ್ಟ ಕವಾಟಗಳು ಸರಿದು ದಾರಿ ಅದಲುಬದಲಾಗುತ್ತದೆ. ಒಂದು ಬದಿ ತುಂಬಿದಾಗ ಇನ್ನೊಂದು ಖಾಲಿ. ಮನೆಗಳಲ್ಲಿ ಹಾಕುವ ಒಂದು ಸಾಮಾನ್ಯ ಅಳತೆಯ ಮೀಟರ್‌ನಲ್ಲಿ ಹೀಗೆ ಒಂದು ಸುತ್ತು ಮುಗಿದರೆ 1.2 ಲೀಟರ್ ಗ್ಯಾಸ್ ದಾಟಿತು ಅಂತ ಲೆಕ್ಕ. ತಿದಿಗೆ ಸಿಕ್ಕಿಸಿದ ಸರಳುಗಳು ಹಲ್ಲಿನ ಚಕ್ರಗಳನ್ನು ತಿರುಗಿಸುತ್ತವೆ, ಚಕ್ರಗಳು ಅಂಕಿಗಳನ್ನು ಉರುಳಿಸುತ್ತವೆ. ಇದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ. ಗ್ಯಾಸಿನ ಒತ್ತಡವೇ ಸಾಕು. ಗೀಸರ್ ಉರಿಯುವಾಗ ಕಿವಿ ಹತ್ತಿರ ಇಟ್ಟರೆ ಅದು ಉಸಿರಾಡುವುದು ಮೆಲ್ಲಗೆ ಕೇಳುತ್ತದೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಕ್ಲೆಗ್ ನೀರಿನಲ್ಲಿ ಅರ್ಧ ಮುಳುಗಿ ತಿರುಗುವ ಪೀಪಾಯಿಯಿಂದ ಗ್ಯಾಸ್ ಅಳೆದ. 1840ರ ದಶಕದಲ್ಲಿ ಥಾಮಸ್ ಗ್ಲೋವರ್ ನೀರನ್ನು ಬಿಟ್ಟು ಎರಡು ತಿದಿಯ ಮೀಟರ್ ಮಾಡಿದ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅದೇ ಲೆಕ್ಕಾಚಾರ ನಡೆದಿದೆ. ಈಚೆಗೆ ಶಬ್ದದ ಅಲೆ ಕಳಿಸಿ ಅಳೆಯುವ ಮೀಟರ್‌ಗಳೂ ಬಂದಿವೆ. ಗ್ಯಾಸ್ ಹರಿಯುವ ದಿಕ್ಕಿನಲ್ಲಿ ಶಬ್ದ ಬೇಗ ಮುಟ್ಟುತ್ತದೆ, ಎದುರು ದಿಕ್ಕಿನಲ್ಲಿ ಚೂರು ತಡ. ಆ ತಡದಿಂದ ಹರಿವಿನ ವೇಗ ಗೊತ್ತಾಗುತ್ತದೆ.

ಇಂಥ ಯಂತ್ರ ಎಷ್ಟು ತಪ್ಪಬಹುದು? ಹೊಸ ಮೀಟರ್‌ಗೆ ಮಾಮೂಲಿ ಹರಿವಿನಲ್ಲಿ ಸಾಮಾನ್ಯವಾಗಿ ಶೇಕಡ 1.5ರಷ್ಟು ಆಚೀಚೆ ಹೋಗಲು ಅವಕಾಶ. ತೀರಾ ಸಣ್ಣ ಹರಿವಿನಲ್ಲಿ ಶೇಕಡ 3. ವಯಸ್ಸಾದ ಮೀಟರ್ ಇನ್ನೂ ಸ್ವಲ್ಪ ದಾರಿ ತಪ್ಪಬಹುದು. ಹಿಂದೆ ತಿದಿಯನ್ನು ಚರ್ಮದಿಂದ ಮಾಡುತ್ತಿದ್ದರು. ಚರ್ಮ ಒಣಗಿ ಕುಗ್ಗಿದರೆ ಪ್ರತಿ ಸುತ್ತಿಗೂ ಹಿಡಿಯುವ ಗ್ಯಾಸ್ ಕಡಿಮೆ. ಆದರೆ ಚಕ್ರಕ್ಕೆ ಅದೇನು ಗೊತ್ತು? ಅದು ಮೊದಲಿನಷ್ಟೇ ಎಣಿಸುತ್ತದೆ, ಗ್ರಾಹಕನಿಗೆ ನಷ್ಟ. ಕವಾಟ ಸವೆದು ಗ್ಯಾಸ್ ನುಸುಳಿದರೆ ಉಲ್ಟಾ, ಕಂಪನಿಗೆ ನಷ್ಟ. ಬಿಲ್ ಎರಡೂವರೆ ಪಟ್ಟಾಗಬೇಕಾದರೆ ತಿದಿ ಅರ್ಧಕ್ಕಿಂತ ಚಿಕ್ಕದಾಗಿ ಮುದುಡಬೇಕು. ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಮೀಟರ್‌ನಲ್ಲಿ ಅದು ನಡೆಯುವ ಮಾತಲ್ಲ. ಹಾಗಾಗಿ ಮೀಟರ್ ಮೇಲಿನ ಸಿಟ್ಟನ್ನು ಸದ್ಯಕ್ಕೆ ಪಕ್ಕಕ್ಕಿಟ್ಟೆ.

ಹಾಗಂತ ಮೀಟರ್ ಹೇಳುವುದೆಲ್ಲ ಪೂರ್ತಿ ಕಥೆಯೂ ಅಲ್ಲ. ಅದು ಅಳೆಯುವುದು ಗ್ಯಾಸ್ ಹಿಡಿದ ಜಾಗವನ್ನು. ನಮಗೆ ಬೇಕಿರುವುದು ಅದರ ಬಿಸಿ. ಹತ್ತಿಯನ್ನು ತೂಕ ಮಾಡದೆ ಚೀಲದ ಲೆಕ್ಕದಲ್ಲಿ ಕೊಂಡ ಹಾಗೆ. ಅದುಮಿ ತುಂಬಿದ ಚೀಲವೂ ಒಂದೇ, ಸುಮ್ನೆ ಉದುರಿಸಿದ ಚೀಲವೂ ಒಂದೇ. ಗ್ಯಾಸ್ 3 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 1ರಷ್ಟು ಹಿಗ್ಗುತ್ತದೆ. ಅಂದರೆ ಗೋಡೆಯಾಚೆ ಬಿಸಿಲಿಗೆ ಕಾಯುವ ಮೀಟರ್ ಅಷ್ಟೇ ಗ್ಯಾಸನ್ನು ಸ್ವಲ್ಪ ಜಾಸ್ತಿ ಅಂತ ಎಣಿಸುತ್ತದೆ. ಚಳಿಯಲ್ಲಿರುವ ಮೀಟರ್ ಕಡಿಮೆ ಎಣಿಸುತ್ತದೆ. ಎತ್ತರದ ಜಾಗದಲ್ಲಿ ಇನ್ನೊಂದು ತಮಾಷೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. 900 ಮೀಟರ್ ಮೇಲೆ ಹೋದರೆ 910ರ ಸುಮಾರು. ಮನೆಯೊಳಗಿನ ಗ್ಯಾಸ್ ಒತ್ತಡ ಹೊರಗಿನ ಗಾಳಿಗಿಂತ 20 ಮಿಲಿಬಾರ್‌ನಷ್ಟು ಮಾತ್ರ ಹೆಚ್ಚು. ಹಾಗಾಗಿ ಎತ್ತರದಲ್ಲಿ ಪ್ರತಿ ಲೀಟರ್‌ನಲ್ಲೂ ಗ್ಯಾಸ್ ಶೇಕಡ 10ರಷ್ಟು ತೆಳು. ಇದನ್ನು ಸರಿದೂಗಿಸಲು ಬಿಲ್ ಮಾಡುವವರು ರೀಡಿಂಗನ್ನು ಒಂದು ಅಂಕಿಯಿಂದ ಗುಣಿಸಿ, ಎಷ್ಟೋ ಕಡೆ 15 ಡಿಗ್ರಿ ಮತ್ತು 1013.25 ಮಿಲಿಬಾರ್‌ನ ಲೆಕ್ಕಕ್ಕೆ ತರುತ್ತಾರೆ. ಕೆಲವು ಕಡೆ ಇನ್ನೂ ಮುಂದೆ ಹೋಗಿ ಬಿಸಿಯ ಲೆಕ್ಕಕ್ಕೇ ಬದಲಿಸುತ್ತಾರೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಅಂದರೆ ಸುಮಾರು 11 ಕಿಲೋವ್ಯಾಟ್ ಅವರ್, ಕರೆಂಟ್ ಬಿಲ್ಲಿನ ಭಾಷೆಯಲ್ಲಿ 11 ಯೂನಿಟ್. ಬಿಲ್ಲಿನ ಮೂಲೆಯಲ್ಲಿರುವ ಈ ಗುಣಾಕಾರವನ್ನು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ. ಓದಿದರೆ ನಾಲ್ಕಾರು ಪರ್ಸೆಂಟ್ ವ್ಯತ್ಯಾಸದ ಗುಟ್ಟು ಸಿಗುತ್ತದೆ, ಎರಡೂವರೆ ಪಟ್ಟಿನದಲ್ಲ.

ದೊಡ್ಡ ತಪ್ಪುಗಳು ನಡೆಯುವುದು ಮೀಟರ್‌ಗೂ ಬಿಲ್‌ಗೂ ನಡುವಿನ ದಾರಿಯಲ್ಲಿ. ಅಲ್ಲಿ ಒಂದೊಂದು ತಪ್ಪಿಗೂ ಒಂದೊಂದು ಗುರುತು ಇರುತ್ತದೆ. ಬ್ರಿಟನ್ನಿನ ಹಳೇ ಮೀಟರ್‌ಗಳು ನೂರು ಘನ ಅಡಿಗೆ ಒಂದರಂತೆ ಎಣಿಸುತ್ತಿದ್ದವು. ನೂರು ಘನ ಅಡಿ ಅಂದರೆ 2.83 ಘನ ಮೀಟರ್. ಮೀಟರ್ ಬದಲಾಗಿಯೂ ಕಂಪ್ಯೂಟರಿನಲ್ಲಿ ‘ಅಡಿ’ ಅಂತಲೇ ಉಳಿದರೆ ಬಿಲ್ ಸರಿಯಾಗಿ 2.83 ಪಟ್ಟು ಬರುತ್ತದೆ. ಬಿಲ್ ಹತ್ತು ಪಟ್ಟು ಬಂದರೆ ದಶಾಂಶ ಬಿಂದುವನ್ನು ಅನುಮಾನಿಸಬೇಕು. ದೂರದಿಂದ ರೀಡಿಂಗ್ ಕಳಿಸುವ ಕೆಲವು ಮೀಟರ್‌ಗಳಲ್ಲಿ ಅಂಕಿಯ ಚಕ್ರಕ್ಕೆ ಒಂದು ಪುಟ್ಟ ಅಯಸ್ಕಾಂತ ಅಂಟಿಸಿರುತ್ತಾರೆ. ಅದು ಹತ್ತಿರ ಬಂದಾಗಲೆಲ್ಲ ಒಂದು ಸ್ವಿಚ್ ಮಿಡಿಯುತ್ತದೆ. ಒಂದು ಮಿಡಿತಕ್ಕೆ 10 ಲೀಟರ್ ಅನ್ನುವ ಕಡೆ 100 ಅಂತ ತುಂಬಿದರೆ ಕಥೆ ಮುಗಿಯಿತು. ಮುಳ್ಳಿನ ಹಳೇ ಮೀಟರ್‌ನಲ್ಲಿ ಪಕ್ಕಪಕ್ಕದ ಮುಳ್ಳುಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಮುಳ್ಳು ಎರಡು ಅಂಕಿಗಳ ನಡುವೆ ನಿಂತರೆ ಚಿಕ್ಕದನ್ನು ಬರೆದುಕೊಳ್ಳಬೇಕು. 9 ಮತ್ತು 0 ನಡುವೆ ನಿಂತರೆ ಮಾತ್ರ 9.

ಇವೆಲ್ಲಕ್ಕಿಂತ ಮಾಮೂಲಿ ಕಾರಣ ಅಂದಾಜು ಬಿಲ್. ಬಾಗಿಲು ಹಾಕಿತ್ತು, ರೀಡಿಂಗ್ ಸಿಗಲಿಲ್ಲ, ಹಿಂದಿನ ಲೆಕ್ಕ ನೋಡಿ ಒಂದು ಅಂಕಿ ಬರೆದರು. ಹೀಗೆ ಎರಡು ಮೂರು ಸಲ ಕಡಿಮೆ ಬರೆದರೆ, ನಿಜವಾದ ರೀಡಿಂಗ್ ಸಿಕ್ಕ ದಿನ ಬಾಕಿಯೆಲ್ಲ ಒಟ್ಟಿಗೆ ಬಂದು ತಲೆ ಮೇಲೆ ಬೀಳುತ್ತದೆ. ಆ ಗ್ಯಾಸ್ ಉರಿಸಿದ್ದು ನಾವೇ, ಆದರೆ ಆ ತಿಂಗಳಲ್ಲ. ಬಳಕೆ ಹೆಚ್ಚಾದಂತೆ ದರವೂ ಏರುವ ಕಡೆ ಈ ಗಂಟನ್ನು ತಿಂಗಳುಗಳಿಗೆ ಹಂಚಿ ಹಾಕಿ ಅಂತ ಕೇಳಲೇಬೇಕು. ನನ್ನ ಬಿಲ್‌ನಲ್ಲಿ ಅಂದಾಜು ಅನ್ನುವ ಗುರುತು ಇರಲಿಲ್ಲ. ಮೆಟ್ಟಿಲ ಕೆಳಗಿನ ಹಲಗೆಯಲ್ಲಿ ನಾಲ್ಕು ಮನೆಗಳ ಮೀಟರ್ ಸಾಲಾಗಿವೆ. ಬಿಲ್‌ನಲ್ಲಿದ್ದ ನಂಬರಿನ ಮೀಟರ್ ಹುಡುಕಿ ನೋಡಿದೆ. ರೀಡಿಂಗ್ ತಾಳೆಯಾಯಿತು.

ಹಾಗಾದರೆ ನಾವೇ ಉರಿಸಿದೆವಾ? ಲೆಕ್ಕ ಹಾಕಿದೆ. ಎರಡು ಲೀಟರ್ ತಣ್ಣೀರು ಒಲೆಯ ಮೇಲೆ ಕುದಿಯಲು ಸುಮಾರು 40 ಲೀಟರ್ ಗ್ಯಾಸ್ ಸಾಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ಪಾಪ. ಆದರೆ 100 ಲೀಟರ್ ಸ್ನಾನದ ನೀರನ್ನು 15 ಡಿಗ್ರಿಯಿಂದ 40ಕ್ಕೆ ತರಲು ಗೀಸರ್ 300 ಲೀಟರ್‌ಗೂ ಮೀರಿ ಗ್ಯಾಸ್ ಉರಿಸುತ್ತದೆ. ನಾವೆಲ್ಲ ಒಲೆಯ ಉರಿ ಸಣ್ಣ ಮಾಡಿ ಉಳಿಸಲು ನೋಡುತ್ತೇವೆ, ಗ್ಯಾಸ್ ಹೋಗುವುದು ಬಚ್ಚಲಿನಲ್ಲಿ! ಚಳಿಗಾಲದಲ್ಲಿ ನಲ್ಲಿಯ ನೀರು 25 ಡಿಗ್ರಿಯಿಂದ 10ಕ್ಕೆ ಇಳಿದರೆ ಅದೇ ಸ್ನಾನಕ್ಕೆ ಎರಡರಷ್ಟು ಗ್ಯಾಸ್ ಬೇಕು. 15 ಡಿಗ್ರಿ ಏರಿಸುತ್ತಿದ್ದ ಜಾಗದಲ್ಲಿ ಈಗ 30 ಏರಿಸಬೇಕಲ್ಲ. ಹಳೇ ಗೀಸರ್‌ಗಳಲ್ಲಿ ಹಗಲೂ ರಾತ್ರಿ ಮಿಣುಕುವ ಪೈಲಟ್ ದೀಪವೂ ಕಡಿಮೆಯದಲ್ಲ. 150 ವ್ಯಾಟ್ ಅಂತ ಇಟ್ಟುಕೊಂಡರೂ ತಿಂಗಳಿಗೆ 10 ಘನ ಮೀಟರ್ ಅದರ ಪಾಲು. ನಮ್ಮ ಗೀಸರ್‌ನಲ್ಲಿ ಆ ದೀಪ ಇಲ್ಲ. ಚಳಿಗಾಲವೂ ಅಲ್ಲ.

ಉಳಿದದ್ದು ಸೋರಿಕೆ. ಇಲ್ಲಿ ಒಂದು ಮಾತು. ಗ್ಯಾಸಿನ ವಾಸನೆ ಬರುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ಸ್ವಿಚ್ ಮುಟ್ಟದೆ, ಕಿಟಕಿ ತೆಗೆದು, ವಾಲ್ವ್ ಮುಚ್ಚಿ, ಹೊರಗೆ ಹೋಗಿ ಫೋನ್ ಮಾಡಬೇಕು. ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಗಂಧಕದ ನಾತ ಬೆರೆಸುವುದೇ ಬೇಗ ಗೊತ್ತಾಗಲಿ ಅಂತ. ಪೈಪಿನ ಗ್ಯಾಸಿನಲ್ಲಿ ಬಹುಪಾಲು ಇರುವುದು ಮೀಥೇನ್. ಗಾಳಿಯಲ್ಲಿ ಶೇಕಡ 5ರಷ್ಟು ಸೇರಿದರೆ ಅದು ಸಿಡಿಯಬಲ್ಲದು. ಶೇಕಡ 1 ಮುಟ್ಟುವ ಹೊತ್ತಿಗೇ ಮೂಗಿಗೆ ಬಡಿಯುವಷ್ಟು ನಾತ ಬೆರೆಸಿರುತ್ತಾರೆ. ವಾಸನೆ ಇಲ್ಲದಿದ್ದರೆ ಪರೀಕ್ಷೆ ಸುಲಭ. ಎಲ್ಲ ಉರಿ ಆರಿಸಿ, ಮೀಟರ್‌ನ ಕೊನೇ ಅಂಕಿ ಬರೆದಿಟ್ಟು ಕಾಯುವುದು. ಕರಿ ಅಂಕಿಗಳು ಘನ ಮೀಟರ್, ಕೆಂಪು ಅಂಕಿಗಳು ಅದರ ಚೂರು. ಮೂರನೇ ಕೆಂಪು ಅಂಕಿ ಒಂದೊಂದು ಲೀಟರ್. ಸಣ್ಣ ಸೋರಿಕೆಯಾದರೆ ತಿದಿ ತೀರಾ ನಿಧಾನವಾಗಿ ಅಲುಗುತ್ತದೆ, ಆದ್ದರಿಂದ ರಾತ್ರಿಯಿಡೀ ಬಿಡುವುದು ಒಳ್ಳೆಯದು.

ರಾತ್ರಿ ಹತ್ತಕ್ಕೆ ನಮ್ಮ ಮನೆಯ ಉರಿಯೆಲ್ಲ ಆರಿಸಿದೆ. ಟಾರ್ಚ್, ಸ್ಟೂಲ್, ಒಂದು ಚೀಟಿ. ಕಾಲು ಗಂಟೆ ಅಂಕಿ ಮಿಸುಕಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕೆಂಪು ಚಕ್ರ ಓಡತೊಡಗಿತು. ನನ್ನ ಎದೆಯೂ ಓಡಿತು. ಮೂಗಿಗೆ ಏನೂ ಬಡಿಯುತ್ತಿಲ್ಲ. ನಿಮಿಷಕ್ಕೆ 30 ಲೀಟರ್ ಮೇಲೆ ಹತ್ತು ನಿಮಿಷ ಓಡಿ, ಓಡಿದ ಹಾಗೇ ಗಕ್ಕನೆ ನಿಂತಿತು. ಚೀಟಿ ನೋಡಿದೆ. 312 ಲೀಟರ್. ಸೋರಿಕೆಗೆ ಹೊತ್ತುಗೊತ್ತು ಇರುವುದಿಲ್ಲ, ಅದು ಒಂದೇ ಸಮನೆ ನಡೆಯುತ್ತದೆ. ಹತ್ತು ನಿಮಿಷ ಜೋರಾಗಿ ನಡೆದು ನಿಲ್ಲುವುದು ಸ್ನಾನ. ಬೆಳಿಗ್ಗೆ ಕೂತು ಲೆಕ್ಕ ಹಾಕಿದ್ದ ಅದೇ ನೂರು ಲೀಟರ್ ಸ್ನಾನ.

ಮರುದಿನ ಮೇಲಿನ ಮನೆಯ ಬಾಗಿಲು ತಟ್ಟಿದೆ. “ಸಾರ್, ನಿನ್ನೆ ರಾತ್ರಿ ಹತ್ತೂಕಾಲಿಗೆ ಸ್ನಾನ ಮಾಡಿದ್ರಾ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಾಡಿದೆ. ಯಾಕೆ?” ಇಬ್ಬರೂ ಕೆಳಗಿಳಿದು ಹೋದೆವು. ನಮ್ಮ ಒಲೆಯ ಮೇಲೆ ಎರಡು ಲೀಟರ್ ನೀರಿಡಲು ಹೇಳಿ ಬಂದಿದ್ದೆ. ಬಿಲ್‌ನಲ್ಲಿ ನನ್ನದು ಅಂತ ಬರೆದಿದ್ದ ಮೀಟರ್ ಸುಮ್ಮನಿತ್ತು. ಅವರ ಹೆಸರಿನದು ಒಂದೊಂದೇ ಅಂಕಿ ಉರುಳಿಸುತ್ತಿತ್ತು. ನೀರು ಕುದಿಯುವ ಹೊತ್ತಿಗೆ 41 ಲೀಟರ್. ಮೀಟರ್ ಬದಲಿಸಿದ ದಿನ ಎರಡು ಮನೆಗಳ ನಂಬರ್ ಅದಲುಬದಲಾಗಿ ದಾಖಲಾಗಿತ್ತು, ಅಷ್ಟೇ. ಎರಡೂ ಮೀಟರ್ ಸರಿಯಾಗೇ ಎಣಿಸಿದ್ದವು.

“ನನಗೂ ಈ ಸಲ ಬಿಲ್ ಯಾಕೋ ಕಡಿಮೆ ಅನ್ನಿಸಿತ್ತು” ಅಂದರು ಮೇಲಿನ ಮನೆಯವರು. “ಹೊಸ ಮೀಟರ್ ಚೆನ್ನಾಗಿದೆ ಅಂದ್ಕೊಂಡೆ.”