ಎ ಹಾಕಬೇಕಿತ್ತೋ, ಡಬ್ಲ್ಯೂ ಹಾಕಬೇಕಿತ್ತೋ

ಒಮ್ಮೆ ನನ್ನ ಇಡೀ ಸಂಜೆ ಮೂರು ಅಕ್ಷರಕ್ಕೆ ಹೋಯಿತು. ಯಂತ್ರದ ಭಾಷೆಗೆ ತೀರಾ ಹತ್ತಿರದ ಅಸೆಂಬ್ಲಿ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. ವಿಂಡೋಸಿನಲ್ಲಿ ಮೆಸೇಜ್ ಬಾಕ್ಸ್ ತೆರೆಯಬೇಕು, ಒಳಗೆ 'ಕನ್ನಡ' ಅಂತ ಕಾಣಬೇಕು, ಅಷ್ಟೇ. ಬಾಕ್ಸೇನೋ ಬಂತು. ಒಳಗೆ ಮಾತ್ರ ತಲೆ ಮೇಲೆ ಗೆರೆ ಎಳೆದ ಇಂಗ್ಲಿಷಿನ ಸಣ್ಣ 'ಎ', ಪಕ್ಕದಲ್ಲಿ ಪುಟಾಣಿ 2, ಮತ್ತೆ ಅದೇ ಎ, ಅದೇ 2. ಒಂದು ಕಡೆ ಮಾತ್ರ 2ರ ಬದಲು 3. ಕೆಟ್ಟುಹೋದ ಕನ್ನಡ ಇಮೇಲುಗಳಲ್ಲಿ ಈ ಗುಂಪನ್ನು ನೀವೂ ನೋಡಿರಬಹುದು.

ವಿಂಡೋಸಿನಲ್ಲಿ ಪಠ್ಯ ತೋರಿಸುವ ಹೆಚ್ಚಿನ ಫಂಕ್ಷನ್‌ಗಳು ಅವಳಿಗಳು. ಮೆಸೇಜ್‌ಬಾಕ್ಸ್‌-ಎ, ಮೆಸೇಜ್‌ಬಾಕ್ಸ್‌-ಡಬ್ಲ್ಯೂ ಹಾಗೆ. ಎ ಅಂದರೆ ಆನ್ಸಿ, ಹಳೆಯ ಕಾಲದ ಅಕ್ಷರಪಟ್ಟಿ. ಇಂಗ್ಲಿಷಿನಂಥ ಭಾಷೆಗಳಿಗೆ ಅಕ್ಷರಕ್ಕೊಂದು ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ. ಡಬ್ಲ್ಯೂ ಅಂದರೆ ವೈಡ್. ಎರಡೆರಡು ಬೈಟಿನ ಯುನಿಕೋಡ್, ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ಒಳಗೆ ಯುನಿಕೋಡೇ ಓಡುತ್ತಿತ್ತು. ಹಳೆಯ ಪ್ರೋಗ್ರಾಂಗಳೂ ನಡೆಯಬೇಕಲ್ಲ, ಅದಕ್ಕೆ ಎ ಉಳಿಯಿತು. ಸಿ ಭಾಷೆಯಲ್ಲಿ ಎರಡನ್ನೂ ಬೆರೆಸಿದರೆ ಕಂಪೈಲರ್ ಗದರುತ್ತದೆ. ಅಸೆಂಬ್ಲಿಯನ್ನು ಯಂತ್ರದ ಭಾಷೆಗೆ ಇಳಿಸುವ ಅಸೆಂಬ್ಲರ್ ಗದರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ವಿಳಾಸ ಮಾತ್ರ. ಅಲ್ಲಿರುವ ಬೈಟುಗಳು ಯಾವ ಜಾತಿಯವು ಅಂತ ಕೇಳುವ ಅಭ್ಯಾಸ ಅದಕ್ಕಿಲ್ಲ.

ಇಂಗ್ಲಿಷಿನ 'ಹೆಲೋ' ಪದವನ್ನೇ ತೆಗೆದುಕೊಳ್ಳಿ. ಬೈಟುಗಳು 72, 101, 108, 108, 111, ಕೊನೆಗೆ ಮುಗಿಯಿತು ಎನ್ನಲು ಒಂದು 0. ವೈಡ್ ರೂಪದಲ್ಲಿ ಪ್ರತಿ ಅಕ್ಷರದ ಬೆನ್ನಿಗೂ ಒಂದು ಸೊನ್ನೆ ಇರುತ್ತದೆ: 72, 0, 101, 0... ಇದನ್ನು ಎ ಫಂಕ್ಷನ್‌ಗೆ ಕೊಟ್ಟರೆ ಅದು 72 ಓದುತ್ತದೆ, ಸೊನ್ನೆ ಕಂಡ ಕೂಡಲೇ ಅಂಗಡಿ ಮುಚ್ಚುತ್ತದೆ. ತೆರೆಯ ಮೇಲೆ ಮೊದಲ ಅಕ್ಷರ ಒಂದೇ. ಉಲ್ಟಾ ಮಾಡಿ, ಆನ್ಸಿ ಬೈಟುಗಳನ್ನು ಡಬ್ಲ್ಯೂಗೆ ಕೊಡಿ. ಅದು ಎರಡನೆಯದನ್ನು ದೊಡ್ಡ ಸ್ಥಾನದಲ್ಲಿಟ್ಟು ಎರಡೆರಡನ್ನು ಜೋಡಿಸುತ್ತದೆ. 101ನ್ನು 256ರಿಂದ ಗುಣಿಸಿ 72 ಕೂಡಿಸಿದರೆ 25928. ಅದು ಒಂದು ಚೀನೀ ಅಕ್ಷರ! 108, 108 ಸೇರಿ ಇನ್ನೊಂದು. ತಮಾಷೆ ಅಂದರೆ, ಕೊನೆಯ 111ಕ್ಕೆ ಆ 0 ಜೊತೆಯಾಗಿ ಸರಿಯಾದ 'ಓ' ಬಂದುಬಿಡುತ್ತದೆ. ಆದರೆ ನಿಲ್ಲಿಸಲು ಇದ್ದ ಸೊನ್ನೆ ಅಲ್ಲೇ ಖರ್ಚಾಯಿತಲ್ಲ. ಹಾಗಾಗಿ ಮೆಮೊರಿಯಲ್ಲಿ ಮುಂದೆ ಏನಿದೆಯೋ ಅದನ್ನೂ ಓದುತ್ತಾ ಹೋಗುತ್ತದೆ.

ಒಂದೇ ಅಕ್ಷರ ಕಂಡರೆ ಹೀಗೆ, ಚೀನೀ ಕಂಡರೆ ಹಾಗೆ, ಅಂತ ಇಂಗ್ಲಿಷಿನಲ್ಲಿ ಕಲಿತವರು ಬಾಯಿಪಾಠ ಮಾಡಿರುತ್ತಾರೆ. ಕನ್ನಡಕ್ಕೆ ಮೊದಲನೆಯ ಲಕ್ಷಣ ಹೊಂದುವುದೇ ಇಲ್ಲ. ಯುನಿಕೋಡಿನಲ್ಲಿ 'ಕ' 3221, ಅಂದರೆ 12×256 + 149. ಮೆಮೊರಿಯಲ್ಲಿ 149, 12 ಅಂತ ಕೂರುತ್ತದೆ. ಕನ್ನಡದ ಅಕ್ಷರಗಳೆಲ್ಲ 3200ರಿಂದ 3327ರೊಳಗೇ ಇರುವುದರಿಂದ ಎಲ್ಲದರ ಎರಡನೇ ಬೈಟೂ 12. ನಡುವೆ ಸೊನ್ನೆಯೇ ಇಲ್ಲ! ಎ ಫಂಕ್ಷನ್ ನಿಲ್ಲದೆ ಪೂರ್ತಿ ಓದಿ ಕಸ ತೋರಿಸುತ್ತದೆ.

ನನ್ನ ಬಾಕ್ಸಿನ ಕಸ ಬೇರೆ ಥರದ್ದು. ನಾನು ಕರೆದದ್ದು ಡಬ್ಲ್ಯೂವನ್ನೇ. ಫೈಲನ್ನು ಉಳಿಸಿದ್ದು ಯುಟಿಎಫ್-8ರಲ್ಲಿ, ಯುನಿಕೋಡನ್ನೇ ಬೈಟುಗಳಾಗಿ ಬರೆಯುವ ಇನ್ನೊಂದು ಕ್ರಮದಲ್ಲಿ. ಅದರಲ್ಲಿ 'ಕ' ಮೂರು ಬೈಟು: 224, 178, 149. 224 ಆ ಗೆರೆಯ ಎ, 178 ಪುಟಾಣಿ 2. ಒತ್ತಕ್ಷರ ಮಾಡುವ ಚಿಹ್ನೆಯಾದ ಹಲಂತದ ನಡುವಿನ ಬೈಟ್ 179, ಪುಟಾಣಿ 3 ಬಂದದ್ದು ಅಲ್ಲಿಂದ. ಅಂದರೆ ಒತ್ತಕ್ಷರ ಎಲ್ಲಿತ್ತು ಅಂತ ಆ ಕಸದಲ್ಲೇ ಓದಬಹುದಿತ್ತು. ನಾನು ಬಳಸಿದ್ದು ಫಾಸ್ಮ್ ಅಸೆಂಬ್ಲರ್. ಅದರಲ್ಲಿ ವೈಡ್ ಪಠ್ಯಕ್ಕೆ 'ಡಿಯು' ಎಂಬ ಆದೇಶವಿದೆ. ಅದು ಯುನಿಕೋಡ್ ಮಾಡಿಕೊಡುತ್ತದೆ ಅಂತ ನಾನೇ ಸುಮ್ನೆ ನಂಬಿದ್ದೆ. ಅದು ಮಾಡುವುದು ಪ್ರತಿ ಬೈಟಿನ ಪಕ್ಕ ಒಂದು ಸೊನ್ನೆ ಇಡುವುದನ್ನು ಮಾತ್ರ. ಇಂಗ್ಲಿಷಿಗೆ ಅಷ್ಟೇ ಸಾಕು. ನಾನು ಮೊದಲು ಪರೀಕ್ಷೆ ಮಾಡಿದ್ದೂ ಇಂಗ್ಲಿಷಿನಲ್ಲೇ! ಕನ್ನಡದಲ್ಲಿ ಮಾತ್ರ ಐದು ಸಂಕೇತ (ಕ, ನ, ಹಲಂತ, ನ, ಡ) ಇರಬೇಕಾದ ಕಡೆ ಹದಿನೈದು ಕೂತಿದ್ದವು. ಫಾಸ್ಮ್ ಜೊತೆಗೇ ಬರುವ ಯುಟಿಎಫ್-8 ಎನ್‌ಕೋಡಿಂಗ್ ಫೈಲನ್ನು ಇನ್‌ಕ್ಲೂಡ್ ಮಾಡುವ ಒಂದೇ ಸಾಲು ಸೇರಿಸಿದೆ. 'ಕನ್ನಡ' ಬಂತು, ನ ಒತ್ತಿನ ಸಮೇತ.

ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಕಥೆ ಬೇರೆ. ಕನ್ನಡವನ್ನು ಇಂಗ್ಲಿಷ್ ವಿಂಡೋಸಿನ ಆನ್ಸಿ ಪಟ್ಟಿಗೆ ಇಳಿಸಹೊರಟರೆ ಅಲ್ಲಿ ನಮ್ಮ ಅಕ್ಷರಗಳಿಗೆ ಜಾಗವಿಲ್ಲ. ವಿಂಡೋಸ್ ಪ್ರತಿಯೊಂದರ ಬದಲು 63 ಇಟ್ಟುಬಿಡುತ್ತದೆ. 63 ಅಂದರೆ ಪ್ರಶ್ನಾರ್ಥಕ ಚಿಹ್ನೆ. ಉಳಿದ ಕಸದಲ್ಲಿ ಮೂಲ ಬೈಟುಗಳು ಹೇಗೋ ಬದುಕಿರುತ್ತವೆ. ಇಲ್ಲಿ ಹೋದದ್ದು ಹೋಯಿತು.

ಬಾಕ್ಸು ಸರಿಹೋದ ಹುರುಪಿನಲ್ಲಿ ಅದೇ ಪದವನ್ನು ಬರೀ ಪಠ್ಯ ತೋರಿಸುವ ಕಪ್ಪು ಕಿಟಕಿಗೆ, ಅಂದರೆ ಕನ್ಸೋಲಿಗೂ ಕಳಿಸಿದೆ. 'ಕನ್ನಡ', ಅದರ ಬಾಲಕ್ಕೆ ಏನೇನೋ ಅಂಟಿಕೊಂಡಿತ್ತು. ರೈಟ್‌ಕನ್ಸೋಲ್‌-ಡಬ್ಲ್ಯೂ ಎಂಬ ಫಂಕ್ಷನ್ ಉದ್ದ ಕೇಳುವುದು ಸಂಕೇತಗಳಲ್ಲಿ, ಬೈಟಿನಲ್ಲಲ್ಲ. ನಾನು 5ರ ಬದಲು 10 ಕೊಟ್ಟಿದ್ದೆ. ಸರಿಪಡಿಸಿದೆ. ಬಾಲ ಹೋಯಿತು, ಆದರೆ ನ ಒತ್ತು ಕೆಳಗಿಳಿಯಲಿಲ್ಲ. ಅಕ್ಷರಗಳು ಬಿಡಿಬಿಡಿಯಾಗಿ ನಿಂತಿದ್ದವು. ಹಳೆಯ ಕನ್ಸೋಲಿಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಡೀಬಗ್ಗರ್ ತೆರೆದು ಮೆಮೊರಿ ನೋಡಿದೆ. 149, 12, 168, 12, 205, 12... ಎಲ್ಲ ಸರಿ ಇತ್ತು. ನನ್ನ ಕೆಲಸ ಮುಗಿದಿತ್ತು.