ಎಕ್ಸ್‌-ವಿಂಗ್ ನೌಕೆಯ ಒಳಭಾಗಗಳು: ಯಾವುದು, ಏಕೆ?

‘ಸ್ಟಾರ್ ವಾರ್ಸ್’ ಕಥಾಲೋಕದಲ್ಲಿ ಬಂಡಾಯಗಾರರು ಸಾಮ್ರಾಜ್ಯದ ವಿರುದ್ಧದ ಬಾಹ್ಯಾಕಾಶ ಯುದ್ಧದಲ್ಲಿ ಬಳಸುವ ಟಿ-65ಬಿ ಎಕ್ಸ್‌-ವಿಂಗ್ ನೌಕೆಯ ವಿವರಗಳನ್ನು ಮೊದಲು ಗುರುತು ಹಾಕಿಕೊಳ್ಳೋಣ. ಉದ್ದ ಸುಮಾರು 12.5 ಮೀಟರ್. ಒಬ್ಬ ಪೈಲಟ್, ನಾಲ್ಕು ಎಂಜಿನ್, ರೆಕ್ಕೆಯ ತುದಿಗಳಲ್ಲಿ ನಾಲ್ಕು ಲೇಸರ್ ಫಿರಂಗಿ, ಆರು ಪ್ರೋಟಾನ್ ಟಾರ್ಪೆಡೊ. ರೆಕ್ಕೆಗಳು ಪ್ರಯಾಣದಲ್ಲಿ ಮಡಚಿರುತ್ತವೆ, ದಾಳಿಗೆ ಇಳಿಯುವಾಗ ತೆರೆದುಕೊಂಡು ಫಿರಂಗಿಗಳನ್ನು ದೂರ ದೂರ ಹರಡುತ್ತವೆ.

ಇಷ್ಟನ್ನು ಬಾಯಿಪಾಠ ಮಾಡಿದರೆ ನೌಕೆ ಅರ್ಥವಾಗುವುದಿಲ್ಲ. ಎದುರಾಳಿ ಸಾಮ್ರಾಜ್ಯದ ಟೈ ಫೈಟರ್ ಅನ್ನು ಪಕ್ಕದಲ್ಲಿಟ್ಟು ನೋಡಬೇಕು. ಟೈ ಫೈಟರ್‌ಗೆ ರಕ್ಷಣಾ ಕವಚವಿಲ್ಲ, ನಕ್ಷತ್ರದಿಂದ ನಕ್ಷತ್ರಕ್ಕೆ ಬೆಳಕಿಗಿಂತ ವೇಗವಾಗಿ ಒಯ್ಯುವ ಹೈಪರ್‌ಡ್ರೈವ್ ಇಲ್ಲ, ಪೈಲಟ್‌ಗೆ ಉಸಿರಾಡಲು ಗಾಳಿ ಒದಗಿಸುವ ವ್ಯವಸ್ಥೆಯೂ ಇಲ್ಲ. ಆದ್ದರಿಂದಲೇ ಅದರ ಪೈಲಟ್ ಮುಖ ಮುಚ್ಚುವ ಕಪ್ಪು ಹೆಲ್ಮೆಟ್ ಧರಿಸಿ, ಎದೆಯ ಮೇಲಿನ ಪೆಟ್ಟಿಗೆಯಿಂದ ಬರುವ ಕೊಳವೆಗಳ ಮೂಲಕ ಉಸಿರಾಡುತ್ತಾನೆ. ಎಕ್ಸ್‌-ವಿಂಗ್ ಪೈಲಟ್‌ನ ಹೆಲ್ಮೆಟ್‌ನಲ್ಲಿ ಮುಖ ತೆರೆದೇ ಇರುತ್ತದೆ. ಉಡುಪನ್ನು ನೋಡಿಯೇ ನೌಕೆಯ ಒಳಗೆ ಏನಿದೆ, ಏನಿಲ್ಲ ಎಂದು ಹೇಳಬಹುದು. ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಅಂಶ ಇದು.

ಈಗ ಅಂಕಿಗಳಿಗೆ ಬರೋಣ. ಆಕರ ಪಟ್ಟಿಗಳ ಪ್ರಕಾರ ಎಕ್ಸ್‌-ವಿಂಗ್‌ನ ವೇಗೋತ್ಕರ್ಷ 3,700 ಜಿ (ಒಂದು ಜಿ ಎಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ: ಪ್ರತಿ ಸೆಕೆಂಡಿಗೆ 9.8 ಮೀಟರ್/ಸೆಕೆಂಡ್), ಟೈ ಫೈಟರ್‌ನದು 4,100 ಜಿ. ಕವಚ, ಹೈಪರ್‌ಡ್ರೈವ್‌ಗಳ ಭಾರವಿಲ್ಲದ ನೌಕೆ ಚುರುಕಾಗಿರುವುದು ಸಹಜ. ಸಾಮ್ರಾಜ್ಯದ ಬಳಿ ನೌಕೆಗೂ ಪೈಲಟ್‌ಗೂ ಬರವಿಲ್ಲ; ಬಂಡಾಯಗಾರರ ಬಳಿ ಎರಡೂ ಕಡಿಮೆ. ಹಾಗಾಗಿ ಅವರು ವೇಗವನ್ನು ಸ್ವಲ್ಪ ಬಿಟ್ಟುಕೊಟ್ಟು ಪೈಲಟ್‌ನನ್ನು ಉಳಿಸಿಕೊಳ್ಳುತ್ತಾರೆ. 3,700 ಜಿ ಎಂದರೆ ಪ್ರತಿ ಸೆಕೆಂಡಿಗೆ ವೇಗ ಸುಮಾರು 36 ಕಿಲೋಮೀಟರ್‌/ಸೆಕೆಂಡಿನಷ್ಟು ಏರುತ್ತದೆ (3,700 × 9.8 ಲೆಕ್ಕ ಹಾಕಿ ನೋಡಿ). ನಮ್ಮ ಯುದ್ಧವಿಮಾನಗಳ ಪೈಲಟ್‌ಗಳು ವಿಶೇಷ ಉಡುಪು ಧರಿಸಿಯೂ 9 ಜಿ ಆಸುಪಾಸಿನಲ್ಲಿ ಹೈರಾಣಾಗುತ್ತಾರೆ. ಈ ಅಂತರವನ್ನು ತುಂಬಲು ಕಥೆಗಾರರು ಇಟ್ಟಿರುವ ಸಾಧನವೇ ವೇಗೋತ್ಕರ್ಷದ ಹೊಡೆತ ಪೈಲಟ್‌ಗೆ ತಟ್ಟದಂತೆ ತಡೆಯುವ ಜಡತ್ವ ಶಮನಕಾರಿ. ಅದು ಭೌತಶಾಸ್ತ್ರದ ಕೈಗೆ ಸಿಗುವಂಥದ್ದಲ್ಲ. ಆದರೆ ಅದಿಲ್ಲದೆ ಉಳಿದ ಯಾವ ಅಂಕಿಯೂ ನಿಲ್ಲುವುದಿಲ್ಲ.

ಹೆಚ್ಚು ಗಮನ ಬೇಡುವ ಭಾಗ ಕಾಕ್‌ಪಿಟ್‌ನ ಹಿಂದಿನ ಗೂಡು. ಅಲ್ಲಿ ಆಸ್ಟ್ರೋಮೆಕ್ ರೋಬಾಟ್ ಕೂರುತ್ತದೆ. ತಲೆ ಮಾತ್ರ ಹೊರಗೆ ಕಾಣುತ್ತದೆ. ಹಾರಾಟದ ನಡುವೆಯೇ ರಿಪೇರಿ ಮಾಡುವುದು ಅದರ ಒಂದು ಕೆಲಸ. ಯಾವಿನ್ ಗ್ರಹದ ಬಳಿ ಬಂಡಾಯಗಾರರು ಸಾಮ್ರಾಜ್ಯದ ಬೃಹತ್ ನಿಲ್ದಾಣ ಡೆತ್ ಸ್ಟಾರ್ ಮೇಲೆ ದಾಳಿ ಮಾಡಿದ ಕದನದಲ್ಲಿ ಸಡಿಲಗೊಂಡ ಸ್ಟೆಬಿಲೈಸರ್ ಅನ್ನು ಭದ್ರಪಡಿಸುವಂತೆ ಪೈಲಟ್ ಲ್ಯೂಕ್ ಹೇಳುವುದು ಆರ್2-ಡಿ2 ಎಂಬ ಇಂಥ ರೋಬಾಟ್‌ಗೇ. ಇನ್ನೊಂದು ಕೆಲಸ ಹೈಪರ್‌ಡ್ರೈವ್ ಬಳಸಿ ಮಾಡುವ ಹೈಪರ್‌ಸ್ಪೇಸ್ ಜಿಗಿತದ ಲೆಕ್ಕ. ಎಕ್ಸ್‌-ವಿಂಗ್‌ಗೆ ಸ್ವಂತದ ಪೂರ್ಣ ಪ್ರಮಾಣದ ನ್ಯಾವಿಗೇಷನ್ ಕಂಪ್ಯೂಟರ್ ಇಲ್ಲದ ಕಾರಣ ಈ ಹೊಣೆ ರೋಬಾಟ್‌ನ ಮೇಲಿದೆ.

ಅದೇ ಕದನದಲ್ಲಿ ಸಾಮ್ರಾಜ್ಯದ ಸೇನಾನಿ ಡಾರ್ತ್ ವೇಡರ್‌ನ ಗುಂಡೇಟಿಗೆ ಆರ್2 ಸುಟ್ಟು ನಿಷ್ಕ್ರಿಯವಾಗುತ್ತದೆ. ಆದರೂ ಲ್ಯೂಕ್ ಡೆತ್ ಸ್ಟಾರ್‌ನ 2 ಮೀಟರ್ ಅಗಲದ ಕಿಂಡಿಗೆ ಟಾರ್ಪೆಡೊ ಹಾರಿಸಿ ಮರಳುತ್ತಾನೆ. ಬಂಡಾಯಗಾರರ ನೆಲೆ ಇದ್ದದ್ದು ಯಾವಿನ್‌ನ ಉಪಗ್ರಹದಲ್ಲೇ. ಹೈಪರ್‌ಡ್ರೈವ್‌ನ ಅಗತ್ಯವೇ ಬೀಳಲಿಲ್ಲ. ನೆಲೆ ಬೇರೆ ನಕ್ಷತ್ರದ ಬಳಿ ಇದ್ದಿದ್ದರೆ, ನಾಲ್ಕೂ ಎಂಜಿನ್ ಸುಸ್ಥಿತಿಯಲ್ಲಿದ್ದರೂ ಅವನು ಅಲ್ಲೇ ಉಳಿಯಬೇಕಾಗುತ್ತಿತ್ತು.